ಕೀಲಿ ಹಾಕಿ ಹೋದವರು

೨೦೨೫ರ ಜೂನ್ ೯, ಸೋಮವಾರ ಬೆಳಿಗ್ಗೆ ೧೦.೨೦ಕ್ಕೆ ಇಳಕಲ್ ಠಾಣೆಗೆ ಬಂದ ದೂರು ಕೇಳಿ ಪಿಎಸ್ಐ ಶಿವಸಂಗಪ್ಪನವರಿಗೆ ನಗು ಬಂತು. ಕಳುವಾದದ್ದು ಒಂದು ನೋಟ್‌ಬುಕ್.

"ಹನ್ನೆರಡು ವರ್ಷದ ದುಡಿಮಿರಿ ಸರ್. ಶುಕ್ರವಾರ ಅಚ್ಚಿಗೆ ಕೊಡೂದಿತ್ತು. ನಕಲಿಲ್ರಿ," ಎಂದಳು ಇಂಗ್ಲಿಷ್ ಕ್ಲಾಸ್ ನಡೆಸುವ ನೇತ್ರಾ. ಒಂದೇ ಎನಿಸುವ ಇಂಗ್ಲಿಷ್ ಶಬ್ದಗಳ ವ್ಯತ್ಯಾಸವನ್ನು ಜೋಡಿ ಜೋಡಿಯಾಗಿ ಕನ್ನಡದಲ್ಲಿ ಬಿಡಿಸಿಟ್ಟ ಬರಹವದು. ಅವಳ ಕಣ್ಣು ತುಂಬಿದ್ದು ಕಂಡು ಸಾಹೇಬರು ನಗು ನುಂಗಿ ಎಫ್ಐಆರ್ ದಾಖಲಿಸಿದರು.

೧೧.೪೫ಕ್ಕೆ ಕ್ಲಾಸಿನ ಕೋಣೆಯಲ್ಲಿ ಪಂಚನಾಮೆ. ಕಂಪ್ಯೂಟರ್ ಇದ್ದಲ್ಲೇ ಇತ್ತು. ಭಾನುವಾರ ಕ್ಲಾಸಿಗೆ ರಜೆ; ಸೋಮವಾರ ಬೆಳಿಗ್ಗೆ ನೇತ್ರಾ ಬಂದಾಗ ಬಾಗಿಲಿಗೆ ಕೀಲಿ ಹಾಕಿತ್ತು, ಕೀಲಿಕೈ ಎಂದಿನಂತೆ ಚೌಕಟ್ಟಿನ ಮೇಲಿತ್ತು.

"ಯಾರ ಮ್ಯಾಲರ ಸಂಶೇ ಐತೇನ್ರಿ?"

"ಹುನಗುಂದದಾಗ ಕ್ಲಾಸ್ ನಡಸೂ ಮುತ್ತುರಾಜ ಸರ್. ಎರಡು ಸಲ ಅದನ್ನ ಕೇಳಿದ್ರು."

ಮುತ್ತುರಾಜನೋ ಭಾನುವಾರವಿಡೀ ಬಾದಾಮಿಯ ಮಾವನ ಮನೆಯಲ್ಲಿ ಹೋಳಿಗೆ ಹೊಡೆಯುತ್ತಿದ್ದ. ನಾಲ್ಕು ಜನ ಸಾಕ್ಷಿ ಹೇಳಿದರು.

ಮರುದಿನ ಮಧ್ಯಾಹ್ನ ನೇತ್ರಾಳ ಫೋನಿನಲ್ಲಿ ಆ ಬರಹದ ಒಂದು ಪುಟದ ಫೋಟೋ ಸಿಕ್ಕಿತು. 'ಎನ್ವಿಯಸ್: ಇನ್ನೊಬ್ಬರದು ತನಗೂ ಬೇಕೆಂದು ಕರುಬುವವರು. ಜೆಲಸ್: ತನ್ನದು ಇನ್ನೊಬ್ಬರ ಪಾಲಾಯಿತೆಂದು ಉರಿಯುವವರು.' ಶಿವಸಂಗಪ್ಪ ಹಣೆ ಬಡಿದುಕೊಂಡರು. ನಿನ್ನೆಯಿಂದ ಮೊದಲನೇ ಬಗೆಯವರ ಬೆನ್ನು ಹತ್ತಿದ್ದರು! ಆಸೆಬಿದ್ದು ಕದ್ದವರು ಬಾಗಿಲು ಬಿಟ್ಟು ಓಡುತ್ತಾರೆ, ತನ್ನದೆನ್ನುವವರು ಮಾತ್ರ ಕೀಲಿ ಹಾಕಿ ಹೋಗುತ್ತಾರೆ.

"ಇಂಗ್ಲಿಷ್ ಅಕ್ಷರ ನಿಮ್ದು. ಕನ್ನಡ ಯಾರ್ದು?"

"ನಜಮಾಂದು. ನನ್ನ ಗೆಳತಿ. ಕಾಲೇಜಿಗೆ ಹೋಗೂ ಬಸ್ಸಿನ್ಯಾಗ ಇಬ್ರೂ ಕೂಡೇ ಶುರು ಮಾಡಿದ್ವಿ."

"ಪುಸ್ತಕದ ಮ್ಯಾಲ ಯಾರ ಹೆಸರು?"

ನೇತ್ರಾ ತಲೆ ತಗ್ಗಿಸಿದಳು. "ನಂದು, ಪ್ರೀತಿದು. ಪ್ರೀತಿ ಈಗ ನನ್ನ ಕೂಡ ಕಲಸ್ತಾಳ್ರಿ. ನಜಮಾಗ ಹೇಳಬೇಕಂತಿದ್ದೆ..."

ಸಂಜೆ ೪.೩೦. ಮಹಿಳಾ ಪೇದೆ ತಬಸುಮ ಬಾಗಿಲು ಬಡಿದಾಗ ನಜಮಾ ತಾನಾಗಿಯೇ ಒಳಗೆ ಹೋದಳು. ಟ್ರಂಕಿನಿಂದ ನೋಟ್‌ಬುಕ್ ತಂದು ಕೊಟ್ಟಳು.

"ಯಾಕ ಒಯ್ದಿ?" ಎಂದರು ಪೇದೆಯ ಹಿಂದೆ ನಿಂತಿದ್ದ ಸಾಹೇಬರು.

"ಪ್ರೀತಿ ಸ್ಟೇಟಸ್‌ನ್ಯಾಗ ಪುಸ್ತಕದ ಕವರ್ ಹಾಕಿದ್ಳು. ನನ್ನ ಜಾಗಾದಾಗ ಆಕಿ ಹೆಸರು. ಹೊಟ್ಟಿ ಉರೀತ್ರಿ. ನನಗ ಪುಸ್ತಕ ಬೇಕಾಗಿರಲಿಲ್ಲ, ನೇತ್ರಾ ಬೇಕಾಗಿದ್ಳು."

ದಸ್ತಗಿರಿ ದಾಖಲಾಯಿತು. ಠಾಣೆಗೆ ಓಡಿಬಂದ ನೇತ್ರಾಳಿಗೆ ಶಿವಸಂಗಪ್ಪ ಕೊನೆಯ ಪುಟ ತೋರಿಸಿದರು. ಭಾನುವಾರದ ತಾರೀಕು, ನಜಮಾಳ ಅಕ್ಷರ: 'ಒಂದು, ಜೊತೆಗೆ ಯಾರೂ ಇಲ್ಲದವರು. ಇನ್ನೊಂದು, ಯಾರೂ ಇಲ್ಲವೆಂದು ಕೊರಗುವವರು.' ಇಂಗ್ಲಿಷ್ ಶಬ್ದಗಳ ಜಾಗವನ್ನು ಎಂದಿನಂತೆ ನೇತ್ರಾಳಿಗಾಗಿ ಖಾಲಿ ಬಿಟ್ಟಿದ್ದಳು.

"ಅಲೋನ್... ಲೋನ್ಲಿ..." ನೇತ್ರಾ ಅಳುತ್ತ ಪೆನ್ನಿಗೆ ಕೈಚಾಚಿದಳು.

"ಬ್ಯಾಡವ್ವಾ," ಎಂದರು ಶಿವಸಂಗಪ್ಪ. "ಇದು ಈಗ ಕೇಸಿನ ಮುದ್ದೆಮಾಲು. ಕೋರ್ಟ್ ಬಿಡೂತನಕ ಇದರಾಗ ಯಾರೂ ಬರಿಯಂಗಿಲ್ಲ."