ಹಳೆಯ ರೈಲು ವೇಳಾಪಟ್ಟಿಗಳ ಕಳವು

ಬೀರುವಿನ ಬಾಗಿಲು ತೆರೆದಾಗ ಏನೂ ಕಳುವಾದಂತೆ ಕಾಣಲಿಲ್ಲ. ಬೀಗ ಸರಿಯಾಗಿಯೇ ಇತ್ತು. ಕಪ್ಪು ಹಾರ್ಡ್ ಡಿಸ್ಕ್‌ಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿದ್ದವು. ಗ್ರಂಥಾಲಯದ ಕಂಪ್ಯೂಟರ್ ವಿಭಾಗದ ಮೇಡಂ ಒಂದೊಂದನ್ನೇ ತೆಗೆದು ಮೇಜಿನ ಮೇಲಿಡುತ್ತಾ ಹೋದರು. ನಡುವೆ ಒಂದು ಕೈಗೆ ಹಗುರಾಗಿ ಬಂತು. ನೋಡಿದರೆ — ಡಿಸ್ಕ್ ಅಲ್ಲ, ಮರದ ತುಂಡು.

ಬೀಗಪ್ಪನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಬೀಗಪ್ಪ ಎಂಬುದು ಅವನ ಹೆಸರಲ್ಲ. ಗ್ರಂಥಾಲಯದ ಅಷ್ಟೂ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಉಗ್ರಾಣದವನಿಗೆ ಯಾರೋ ತಮಾಷೆಗೆ ಇಟ್ಟದ್ದು. ಈಗ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಆ ಬೀರುವಿನ ಕೈ ಇದ್ದದ್ದು ಅವನೊಬ್ಬನ ಹತ್ತಿರ. ನಿರ್ದೇಶಕರಿಗೆ ಅಷ್ಟೇ ಸಾಕಾಯಿತು. ಸಂಜೆ ಗ್ರಂಥಾಲಯ ಮುಚ್ಚುವುದರೊಳಗೆ ಡಿಸ್ಕ್ ಬರಬೇಕು, ಇಲ್ಲವೇ ರಾಜೀನಾಮೆ ಬರೆದಿಟ್ಟು ಹೊರಡಬೇಕು, ಎರಡೂ ಆಗದಿದ್ದರೆ ಪೊಲೀಸರು ಎಂದು ಹೇಳಿ ಒಳಗೆ ಹೋದರು. ಜೀವಮಾನವಿಡೀ ಕಾಪಾಡಿಕೊಂಡು ಬಂದ ಮಾನ ಒಂದೇ ಬೆಳಿಗ್ಗೆ ಬೀದಿಗೆ ಬಿದ್ದಿತ್ತು. ಬೀಗಪ್ಪ ಅಕ್ಕನಿಗೆ ಫೋನ್ ಮಾಡಿದ.

ಅಕ್ಕ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿದ್ದಳು. ಅವಳ ಕಣ್ಣು ಮಾತ್ರ ನಿವೃತ್ತವಾಗಿರಲಿಲ್ಲ. ಬಂದವಳೇ ತಮ್ಮನ ಮುಖ ನೋಡಲಿಲ್ಲ, ಬೀರು ನೋಡಿದಳು. ಆಮೇಲೆ ಕನ್ನಡಕ ಏರಿಸಿಕೊಂಡು ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಣ್ಣ ಬಳಿಯದ ಮರ, ಉಜ್ಜಿ ನಯ ಮಾಡಿದ ಮೂಲೆಗಳು, ಎರಡು ಕಡೆಯೂ ಅಂಟಿಸಿದ ಹಸಿರು ಉಣ್ಣೆ ಬಟ್ಟೆ.

ಕಳುವಾದ ಡಿಸ್ಕಿನಲ್ಲಿ ಏನಿತ್ತೆಂದು ಕೇಳಿದಾಗ ಮೇಡಂ ಸ್ವಲ್ಪ ನಾಚಿದರು. ಅದರಲ್ಲಿ ಇದ್ದದ್ದು ರದ್ದಾಗಿ ಎಷ್ಟೋ ಕಾಲವಾದ ರೈಲುಗಳ ವೇಳಾಪಟ್ಟಿ ಪುಸ್ತಕಗಳ ಚಿತ್ರಗಳು. ಪಕ್ಕದ ಡಿಸ್ಕಿನಲ್ಲಿ? ಕೈಯಲ್ಲಿ ಬರೆದ ಹಕ್ಕಿಗಳ ಅಪರೂಪದ ಚಿತ್ರಪುಸ್ತಕ. ಅದಕ್ಕಾಗಿ ವ್ಯಾಪಾರಿಗಳು ಬಾಗಿಲು ಸವೆಯುವಂತೆ ಬಂದು ಹೋಗುತ್ತಿದ್ದರು.

"ಹಕ್ಕಿ ಬಿಟ್ಟು ರೈಲು ಹಿಡಿದಿದ್ದಾನೆ," ಎಂದಳು ಅಕ್ಕ. "ಕಳ್ಳನಿಗೆ ತಲೆ ಇಲ್ವೋ, ನಮಗಿಲ್ವೋ?"

"ಹೋದದ್ದೇನೂ ದೊಡ್ಡ ನಷ್ಟ ಅಲ್ಲ," ಎಂದರು ಮೇಡಂ. "ಅವೆಲ್ಲ ಹಸಿ ಚಿತ್ರಗಳು. ಅಂದ್ರೆ ಕ್ಯಾಮೆರಾ ಕಂಡ ಹಾಗೇ ಇರೋವು. ಶುದ್ಧ ಮಾಡಿದ ಪ್ರತಿ ಬೇರೆ ಕಡೆ ಭದ್ರವಾಗಿದೆ. ಜಾಗ ಸಾಲ್ತಿಲ್ಲ ಅಂತ ಇವನ್ನ ಇವತ್ತು ಅಳಿಸೋದಿತ್ತು."

"ಶುದ್ಧ ಮಾಡೋದು ಅಂದ್ರೆ ಏನೇನು ತೆಗೀತೀರಿ?"

"ಕಲೆ, ಪುಟದ ಡೊಂಕು, ನೆರಳು, ಪುಟ ಹಿಡಿದವರ ಬೆರಳು. ಎಲ್ಲ ಕಸ."

ಅಕ್ಕ ತಮ್ಮನನ್ನು ಕಾರಿಡಾರಿನ ಬೆಂಚಿಗೆ ಕರೆದುಕೊಂಡು ಹೋದಳು. ಈ ವಾರ ಆ ಕೋಣೆಗೆ ಯಾರು ಬಂದಿದ್ದರೆಂದು ಕೇಳಿದಳು.

"ಯಾರೂ ಇಲ್ಲ."

"ಯಾರೂ?"

"ನಿನ್ನಾಣೆ ಅಕ್ಕಾ, ಹೊರಗಿನವರು ಒಬ್ರೂ ಬಂದಿಲ್ಲ."

ಅಕ್ಕ ಕನ್ನಡಕ ಒರೆಸಿಕೊಂಡಳು. ಆಮೇಲೆ, ಹೊತ್ತು ಕಳೆಯಲು ಕೇಳುವವಳ ಹಾಗೆ, ಈ ರೈಲು ಪುಸ್ತಕಗಳನ್ನು ಯಾವ ಪುಣ್ಯಾತ್ಮ ಕೂತು ಸ್ಕ್ಯಾನ್ ಮಾಡಿದನೆಂದಳು.

ಬೀಗಪ್ಪನ ಮುಖ ಆ ದಿನ ಮೊದಲ ಸಲ ಸಡಿಲವಾಯಿತು. ಅದು ಸ್ಕ್ಯಾನ್ ಮಾಡುವ ಯಂತ್ರ ಹೊಸದಾಗಿ ಬಂದ ಕಾಲ. ಗ್ರಂಥಾಲಯದವರು ಯಂತ್ರದ ಮೇಷ್ಟ್ರು ಎಂದೇ ಕರೆಯುವ ಹಿರಿಯರು ಅದನ್ನು ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟಿದ್ದರು. ಪುಸ್ತಕವನ್ನು ಪೂರ್ತಿ ಬಿಡಿಸದೆ, ಅರ್ಧ ತೆರೆದಂತೆ ಮಲಗಿಸುವ ಮರದ ತೊಟ್ಟಿಲು. ಮೇಲೆ ಎರಡು ಕ್ಯಾಮೆರಾ. ಕಾಲಿನಿಂದ ಒತ್ತುವ ಪೆಡಲು. ಪುಸ್ತಕದ ಬೆನ್ನು ಮುರಿಯದೆ ಚಿತ್ರ ತೆಗೆಯಬಹುದೆಂದು ಯಾರೂ ನಂಬಿರಲಿಲ್ಲ. ಆಗಿನ ನಿರ್ದೇಶಕರು ಒಳ್ಳೆಯ ಪುಸ್ತಕ ಮುಟ್ಟಗೊಡಲಿಲ್ಲ. ಹಾಳಾದರೂ ಚಿಂತೆಯಿಲ್ಲವೆಂದು ಹಳೆಯ ವೇಳಾಪಟ್ಟಿಗಳ ಕಟ್ಟು ಕೊಟ್ಟು ಕೈತೊಳೆದುಕೊಂಡರು.

ಪುಟ ತಿರುವಲು ಆಳು ಇರಲಿಲ್ಲ. ಮೇಷ್ಟ್ರ ಹೆಂಡತಿಯೇ ಬಂದು ಕೂತರು. ಅವರನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪೆಡಲು ಒತ್ತುತ್ತಾ, ಸಣ್ಣಗೆ ಹಾಡಿಕೊಳ್ಳುತ್ತಾ, ಯಾವ ರೈಲು ಎಷ್ಟು ಹೊತ್ತಿಗೆ ಎಲ್ಲಿ ತಲುಪುತ್ತಿತ್ತೆಂದು ಬೀಗಪ್ಪನಿಗೆ ಓದಿ ಹೇಳುತ್ತಿದ್ದರು. ಆ ಕೋಣೆಯಲ್ಲಿ ಆಗ ನಗು ಇತ್ತು. ಈಗ ಎಲ್ಲರೂ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂರುತ್ತಾರೆ.

"ಪ್ರತಿ ಪುಟದಲ್ಲೂ ಅಮ್ಮನ ಹೆಬ್ಬೆರಳು ಬಂದುಬಿಡೋದು," ಎಂದ ಬೀಗಪ್ಪ. "ಮೇಷ್ಟ್ರಿಗೆ ಮೈಯೆಲ್ಲ ಉರಿ. ಅದಕ್ಕೇ ಬೆರಳು ಅಳಿಸೋ ಪ್ರೋಗ್ರಾಂ ಕಂಡುಹಿಡಿದ್ರು. ದೊಡ್ಡ ಹೆಸರು ಬಂತು. ಹೋದ ವರ್ಷ ಅಮ್ಮ ತೀರಿಕೊಂಡ್ರು."

ಅಕ್ಕ ಬೆಂಚಿನಿಂದ ಎದ್ದಳು.

"ಆ ತೊಟ್ಟಿಲು ಈಗೆಲ್ಲಿದೆ?"

ಕೋಣೆಯ ಮೂಲೆಯಲ್ಲೇ ಇತ್ತು, ಬಟ್ಟೆ ಹೊದ್ದುಕೊಂಡು. ಅಕ್ಕ ಬಟ್ಟೆ ಸರಿಸಿ ಒಳಗೆ ಕೈಯಾಡಿಸಿದಳು. ನಿರ್ದೇಶಕರನ್ನೂ ಯಂತ್ರದ ಮೇಷ್ಟ್ರನ್ನೂ ಕರೆಸಬೇಕೆಂದಳು.

ಮೇಷ್ಟ್ರು ಬಂದದ್ದು ಸಂಜೆಯ ಹೊತ್ತಿಗೆ. ಹೆಗಲಿಗೆ ಚರ್ಮದ ಚೀಲ. ವರ್ಷದಲ್ಲಿ ಮೈ ಅರ್ಧ ಇಳಿದಿತ್ತು. ಬೀಗಪ್ಪ ಅಭ್ಯಾಸದಂತೆ ಎದ್ದು ಕುರ್ಚಿ ಕೊಟ್ಟ.

"ನನ್ನ ತಮ್ಮನನ್ನ ಯಾರು ಬಂದಿದ್ರು ಅಂತ ಕೇಳಿದೆ," ಎಂದು ಶುರು ಮಾಡಿದಳು ಅಕ್ಕ. "ಯಾರೂ ಇಲ್ಲ ಅಂದ. ಸುಳ್ಳಲ್ಲ. ಮನೆಯವರು ಬಂದ್ರೆ ಯಾರೋ ಬಂದ್ರು ಅಂತ ಯಾರೂ ಹೇಳಲ್ಲ. ಏನೋ, ಮೇಷ್ಟ್ರು ಬಂದಿದ್ರಾ ಈ ವಾರ?"

ಬೀಗಪ್ಪ ಹಣೆ ಚಚ್ಚಿಕೊಂಡ. ಬಂದಿದ್ದರು. ಅಳಿಸುವ ಮುಂಚೆ ಡಿಸ್ಕ್‌ಗಳನ್ನು ಒಮ್ಮೆ ನೋಡಬೇಕೆಂದಿದ್ದರು. ಬೀರು ತೆಗೆದುಕೊಟ್ಟು ಅವನೇ ಅವರಿಗೆ ಟೀ ತರಲು ಹೋಗಿದ್ದ.

ನಿರ್ದೇಶಕರು ನಡುವೆ ಬಾಯಿ ಹಾಕಿದರು. ಕಣ್ಣಿಗೆ ಮಣ್ಣೆರಚಲು ಮರದ ತುಂಡು ಇಟ್ಟವನು ಪಕ್ಕಾ ಕಳ್ಳ, ಮೇಷ್ಟ್ರಂಥವರ ಮೇಲೆ ಗೂಬೆ ಕೂರಿಸುವುದು ಬೇಡ ಎಂದರು.

"ಮಣ್ಣೆರಚೋದಾಗಿದ್ರೆ ಕಪ್ಪು ಬಣ್ಣ ಬಳೀತಿದ್ದ," ಎಂದಳು ಅಕ್ಕ. "ಎಲ್ಲರೂ ತುಂಡು ನೋಡಿದ್ರಿ, ಅದರ ಬಟ್ಟೆ ನೋಡಲಿಲ್ಲ. ಕದ್ದವನಿಗೆ ಇನ್ನೊಂದು ಚಿಂತೆ ಇತ್ತು — ಜಾಗ ಖಾಲಿ ಬಿಟ್ರೆ ಪಕ್ಕದ ಡಿಸ್ಕ್ ವಾಲುತ್ತೆ, ಬೀಳುತ್ತೆ. ಅದಕ್ಕೇ ಅಳತೆಗೆ ಸರಿಯಾಗಿ ಮರ ಕೊಯ್ದ. ಪಕ್ಕದ ಡಿಸ್ಕ್ ತರಚದ ಹಾಗೆ ಉಣ್ಣೆ ಬಟ್ಟೆ ಅಂಟಿಸಿದ. ಆ ತೊಟ್ಟಿಲ ಒಳಗೂ ಇದೇ ಬಟ್ಟೆ, ಇದೇ ಹಸಿರು. ಕದಿಯೋವಾಗಲೂ ಉಳಿದವಕ್ಕೆ ನೋವಾಗಬಾರದು ಅನ್ನೋ ಕಳ್ಳ ಈ ಕಟ್ಟಡದಲ್ಲಿ ಎಷ್ಟು ಜನ ಇದ್ದಾರೆ?"

ಅಕ್ಕ ಮರದ ತುಂಡನ್ನು ಮೇಷ್ಟ್ರ ಮುಂದಿಟ್ಟಳು.

"ವೇಳಾಪಟ್ಟಿ ಯಾರಿಗೂ ಬೇಡ. ಶುದ್ಧ ಪ್ರತಿ ಇದ್ದೇ ಇದೆ. ಹಸಿ ಚಿತ್ರದಲ್ಲಿ ಮಾತ್ರ ಉಳಿದಿದ್ದದ್ದು ಒಂದೇ — ಪುಟ ಹಿಡಿದ ಬೆರಳು. ಡಿಸ್ಕ್ ತಗೊಂಡವರು ನೀವೇ ಮೇಷ್ಟ್ರೇ."

ಮೇಷ್ಟ್ರು ಚೀಲದಿಂದ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೂ ಒಂದು ಉಣ್ಣೆಯ ಗವಸು ಹೊಲಿದಿದ್ದರು.

ಕೇಳಿದ್ದರೆ ಪ್ರತಿ ಮಾಡಿಕೊಡುತ್ತಿದ್ದೆನಲ್ಲ ಎಂದರು ಮೇಡಂ.

"ಏನಂತ ಕೇಳಲಮ್ಮ? ಇವೆಲ್ಲ ಕಸ, ಅಳಿಸಿ ಅಂತ ಬರೆದುಕೊಟ್ಟವನೇ ನಾನು," ಎಂದರು ಮೇಷ್ಟ್ರು. "ಅವಳಿಗೆ ಫೋಟೋ ತೆಗೆಸಿಕೊಳ್ಳೋದು ಆಗ್ತಿರಲಿಲ್ಲ. ಮನೆಯಲ್ಲಿರೋ ಒಂದೆರಡರಲ್ಲಿ ಅವಳು ಅವಳ ಹಾಗಿಲ್ಲ. ಇದರಲ್ಲಿ ಪುಟ ಪುಟಕ್ಕೂ ಕೆಲಸ ಮಾಡ್ತಾ ಕೂತಿದ್ದಾಳೆ. ಅವಳನ್ನ ಅಳಿಸೋದು ಹೇಗೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡೆ ನಾನು. ಅದಕ್ಕೆ ನನಗೆ ಪದಕ ಕೊಟ್ರು."

ಆಮೇಲೆ ಬೀಗಪ್ಪನ ಕಡೆ ತಿರುಗಿ, ಇದು ನಿನ್ನ ತಲೆಗೆ ಬರುತ್ತದೆಂದು ಹೊಳೆಯಲೇ ಇಲ್ಲವಪ್ಪಾ ಎಂದರು. ಬೀಗಪ್ಪನ ಸಿಟ್ಟು ಇನ್ನೂ ಆರಿರಲಿಲ್ಲ. ಒಂದು ಮಾತು ಹೇಳಿದ್ದರೆ ನಾನೇ ತಂದು ಮನೆಗೆ ಕೊಡುತ್ತಿದ್ದೆ ಎಂದಷ್ಟೇ ಹೇಳಿದ.

ನಿರ್ದೇಶಕರು ಡಿಸ್ಕನ್ನು ಮೇಡಂ ಕಡೆ ತಳ್ಳಿದರು. ಡಿಸ್ಕ್ ಅದೇ ಹೌದೋ ಅಲ್ಲವೋ ನೋಡಿ ಎಂದರು ಮೇಡಂಗೆ. ಬೀಗಪ್ಪನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

ಮೇಡಂ ತಂತಿ ಸಿಕ್ಕಿಸಿದರು. ಪರದೆಯ ಮೇಲೆ ಹಳದಿ ಪುಟವೊಂದು ಮೂಡಿತು. ನಿಲ್ದಾಣಗಳು, ಗಂಟೆಗಳು, ನಿಮಿಷಗಳು. ಬಲ ಅಂಚಿನಲ್ಲಿ ದುಂಡಗಿನ ಒಂದು ಹೆಬ್ಬೆರಳು, ಉಗುರಿನ ಮೇಲೆ ಸಣ್ಣ ಬಿಳಿ ಚುಕ್ಕೆ. ಪುಟ ಪೂರ್ತಿ ಕಾಣುವ ಮುಂಚೆಯೇ ಮೇಷ್ಟ್ರ ಪ್ರೋಗ್ರಾಂ ತನ್ನ ಕೆಲಸ ಶುರು ಮಾಡಿತು. ಬೆರಳ ಸುತ್ತ ಕೆಂಪು ಗೆರೆ ಎಳೆದು ಕೇಳಿತು: ಅಳಿಸಲೇ?

ಮೇಡಂ ಕೀಲಿಮಣೆಯಿಂದ ಕೈ ತೆಗೆದರು. ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಬೇಡ ಎಂದು ಒತ್ತಿದರು. ಮುಂದಿನ ಪುಟ ಬಂತು, ಅಮ್ಮನ ಬೆರಳೂ ಬಂತು, ಅದೇ ಪ್ರಶ್ನೆಯೂ ಬಂತು. ಅವರು ಮತ್ತೆ ಬೇಡ ಎಂದು ಒತ್ತಿದರು.