ಚೋಲಾಕ್ ಘಾಟಿಯ ಹಿರಿಯ ಯಂತ್ರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಲು ನನಗಿಂತ ಓದಿದವರು, ತಿಳಿದವರು ಇದ್ದಾರೆ. ಆದರೆ ಆ ದಿನ ಆ ರಸ್ತೆಯಲ್ಲಿ ಅವರು ಯಾರೂ ಇರಲಿಲ್ಲ. ನಾನಿದ್ದೆ. ಎಲ್ಲಾದರೂ ತಪ್ಪಿದರೆ ತಡೆದು ಕೇಳಿ...

ಹಿಂದಿನ ಜೀಪು ನನ್ನ ಕಾರಿಗೆ ಎರಡನೆಯ ಸಲ ಗುದ್ದಿತು.

ಎಡಕ್ಕೆ ಬಂಡೆ. ಬಲಕ್ಕೆ ಪ್ರಪಾತ. ನಡುವೆ ಹಿಮ ಮೆತ್ತಿದ ರಸ್ತೆ. ಕಾರು ಅಡ್ಡಡ್ಡ ಜಾರಿತು. ಬ್ರೇಕಿನಿಂದ ಕಾಲು ತೆಗೆದೆ. ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಿದೆ. ಚಕ್ರ ಮತ್ತೆ ನೆಲ ಕಚ್ಚಿತು.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಬೆರಳುಗಳು ತಣ್ಣಗಿದ್ದವು, ಅಷ್ಟೇ.

ಪಕ್ಕದ ಸೀಟಿನಲ್ಲಿ ಫೋನು ಮಾತಾಡುತ್ತಿತ್ತು. ರಾಜಧಾನಿ ಬಿಷ್ಕೆಕ್‌ನ ಕಚೇರಿಯಿಂದ ಶಾರ್ಬೆಕ್. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನು. ನನ್ನನ್ನು ಎಜೆ ಅನ್ನುತ್ತಾನೆ, ಅಕ್ಕ ಎಂದು.

"ಎಜೆ, ಗೇಟು ಮತ್ತೆ ಎದ್ದಿದೆ."

"ಮುಚ್ಚು."

"ಮುಚ್ಚಿದೀನಿ. ಅದೇ ತೆರ್ಕೊಳ್ತಾ ಇದೆ. ಅದೇನ್ ಸದ್ದು ಎಜೆ?"

"ಉಲುಕ್ಮಾನ್."

"ಲಾರಿ ಉಲುಕ್ಮಾನಾ? ಅವನಿಗೇನಂತೆ?"

"ನನ್ನ ಹಿಂದಿನ ದೀಪ ಒಡೀತಾ ಇದಾನೆ. ನಾನು ಮೇಲೆ ಹೋದ್ರೆ ರಸ್ತೆ ಬಂದ್ ಆಗತ್ತೆ ಅಂತ ಯಾರೋ ಅವನಿಗೆ ಹೇಳಿದಾರೆ. ನಿಮ್ಮ ಕಚೇರೀಲಿ ಎಲ್ಲರಿಗೂ ಬಾಯಿ ಇದೆ ನೋಡು."

"ಎಜೆ, ನಾನಲ್ಲ..."

ಸಿಗ್ನಲ್ ಹೋಯಿತು.

ನನ್ನ ಹೆಸರು ಬುರುಲ್ಚಾ. ಕೆಟ್ಟು ಕೂತ ಕಂಪ್ಯೂಟರುಗಳನ್ನು ಎಬ್ಬಿಸುವುದು ನನ್ನ ಕಸುಬು. ರಸ್ತೆಗಳನ್ನು ನೋಡಿಕೊಳ್ಳುವ ಒಂದು ಕಚೇರಿ ಬೆಳಿಗ್ಗೆ ಕರೆಸಿತ್ತು. ಚೋಲಾಕ್ ಘಾಟಿಯ ನೆತ್ತಿಯಲ್ಲಿ ಹಿಮ ಸಡಿಲವಾಗಿದೆ, ಇವತ್ತು ಜಾರುತ್ತದೆ ಎಂದು ಗುಡ್ಡ ಕಾಯುವವರು ತಿಳಿಸಿದ್ದರು. ಕಚೇರಿಯವರು ಕಂಪ್ಯೂಟರಿನಲ್ಲಿ ರಸ್ತೆ ಮುಚ್ಚಿದೆ ಎಂದು ಒತ್ತಿದರು. ಘಾಟಿಯ ಕೆಳಗಿನ ಗೇಟು ಬಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದಿತು. ಮತ್ತೆ ಒತ್ತಿದರು. ಬಿತ್ತು... ಎದ್ದಿತು.

ಯಾರೋ ಲಂಚ ತಿಂದಿದ್ದಾರೆ ಎಂದು ನಿರ್ದೇಶಕರು ಮೇಜು ಗುದ್ದಿದರು.

ಲಂಚವಲ್ಲ. ಲಂಚವಾಗಿದ್ದರೆ ಸುಲಭವಿತ್ತು.

ಸರಳವಾಗಿ ಹೇಳಲು ನೋಡುತ್ತೇನೆ. ಪ್ರತಿ ಗೇಟೂ ಪ್ರತಿ ಕ್ಷಣವೂ ಎಲ್ಲ ಸುದ್ದಿ ಕೂಡಿಟ್ಟ ಕಚೇರಿಯ ದೊಡ್ಡ ಉಗ್ರಾಣವನ್ನೇ ಕೇಳುತ್ತ ಕೂತರೆ ಉಗ್ರಾಣ ಸೋತುಹೋಗುತ್ತದೆ. ಅದಕ್ಕಾಗಿ ಈಗಿನ ಸುದ್ದಿಯನ್ನು ಮೂರು ಯಂತ್ರಗಳು ತಮ್ಮ ಮೆಮೊರಿಯಲ್ಲೇ ಹಂಚಿ ಇಟ್ಟುಕೊಂಡಿರುತ್ತವೆ. ಕೇಳಿದ ತಕ್ಷಣ ಉತ್ತರ. ಕಸುಬಿನವರು ಅದನ್ನು ಕ್ಯಾಶ್ ಅನ್ನುತ್ತಾರೆ. ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ಯಂತ್ರ ನಗರದಲ್ಲಿ. ಮೂರನೆಯದು ಘಾಟಿಯ ಕೆಳಗೆ, ಗೇಟಿನ ಪಕ್ಕದ ಕಾವಲು ಮನೆಯಲ್ಲಿ. ಗೇಟು ಕೇಳುವುದು ಅದನ್ನೇ. ಉತ್ತರ ಬರದಿದ್ದರೆ ಗೇಟು ಬೀಳುತ್ತದೆ. ತೆರೆದಿದೆ ಎಂದರೆ ಏಳುತ್ತದೆ.

ಆ ಮೂರನೆಯದಕ್ಕೆ ಉಸಿರುಗಟ್ಟುತ್ತಿತ್ತು.

ಚಳಿಗಾಲ ಬಂತೆಂದು ಯಾರೋ ರಸ್ತೆ ಕ್ಯಾಮೆರಾಗಳ ಚಿತ್ರಗಳನ್ನೂ ಅದೇ ಮೆಮೊರಿಗೆ ತುರುಕಿದ್ದರು. ಹಳೆಯದನ್ನು ಯಾವಾಗ ಎಸೆಯಬೇಕೆಂದು ಹೇಳಿರಲಿಲ್ಲ. ಜಾಗ ತುಂಬಿದಾಗ ಯಂತ್ರ ಎಲ್ಲ ಕೆಲಸ ನಿಲ್ಲಿಸಿ ಕಸ ಗುಡಿಸಲು ಕೂರುತ್ತದೆ. ಆಗ ಯಾರು ಕರೆದರೂ ಓಗೊಡುವುದಿಲ್ಲ. ಸತ್ತಿತೆಂದುಕೊಂಡು ನಗರದ ಎರಡು ಯಂತ್ರಗಳು ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ರಸ್ತೆ ಮುಚ್ಚಿದೆ ಎಂದು ತಾವೇ ಬರೆದುಕೊಳ್ಳುತ್ತವೆ. ಅಷ್ಟರಲ್ಲಿ ಮೂರನೆಯದು ಗುಡಿಸಿ ಮುಗಿಸಿ ಎದ್ದು ಬರುತ್ತದೆ. ಅದರ ನೆನಪಿನಲ್ಲಿ ರಸ್ತೆ ಇನ್ನೂ ತೆರೆದೇ ಇದೆ.

ಈಗ ಒಂದು ಪ್ರಶ್ನೆಗೆ ಎರಡು ಉತ್ತರ. ಯಾರ ಮಾತು ನಡೆಯಬೇಕು?

ಬೆಳಿಗ್ಗೆ ಆ ನಿಯಮವನ್ನು ಓದಿ ಶಾರ್ಬೆಕ್‌ನನ್ನು ಕರೆದಿದ್ದೆ.

"ಇದ್ಯಾರೋ ಬರೆದಿದ್ದು? ಯಂತ್ರಗಳಿಗೆ ಜಗಳ ಬಂದ್ರೆ ಎಲ್ಲಕ್ಕಿಂತ ಹಳೇದರ ಮಾತೇ ಕೊನೆ ಅಂತ?"

"ಮತ್ತಿನ್ಯಾರ ಮಾತು ಕೊನೆ ಆಗ್ಬೇಕು ಎಜೆ?" ಅವನಿಗೆ ನಿಜಕ್ಕೂ ಪ್ರಶ್ನೆ ಅರ್ಥವಾಗಿರಲಿಲ್ಲ. "ಹಿರಿಯರು ಆಡಿದ ಮೇಲೆ ಕಿರಿಯರು ಬಾಯಿ ಹಾಕ್ತಾರಾ?"

"ಇವು ಯಂತ್ರ ಕಣೋ."

"ಮೀಟಿಂಗಲ್ಲಿ ಎಲ್ಲರೂ ಸರಿ ಅಂದ್ರು. ಯಾರೋ ಬೇಡ ಅನ್ನೋಕೆ ಬಾಯಿ ತೆರೆದ. ಅಷ್ಟರಲ್ಲಿ ಚಾ ಬಂತು."

ಬೇರೆ ಕಡೆಗಳಲ್ಲಿ ಕೊನೆಗೆ ಬರೆದ ಸುದ್ದಿ ಗೆಲ್ಲುತ್ತದೆ. ಇಲ್ಲಿ ಹಿರಿಯರದು. ಗೇಟಿನ ಯಂತ್ರ ಮೂರರಲ್ಲಿ ಹಿರಿಯದು. ಸ್ವಿಚ್ ಆರಿಸದೆ ಎಷ್ಟು ಕಾಲ ಓಡಿದೆ ಎನ್ನುವುದೇ ಯಂತ್ರದ ವಯಸ್ಸು; ಅದನ್ನು ಒಮ್ಮೆಯೂ ಆರಿಸಿರಲಿಲ್ಲ. ಕೂತಲ್ಲಿಂದಲೇ ಅದರೊಳಗೆ ಕೈ ಹಾಕಲು ಬೆಳಿಗ್ಗೆಯೆಲ್ಲ ಹೆಣಗಿದೆ. ಕೈಗೆ ಸಿಗುವಷ್ಟರಲ್ಲಿ ಮತ್ತೆ ಗುಡಿಸಲು ಕೂರುತ್ತಿತ್ತು. ಕಾವಲು ಮನೆಗೆ ಫೋನ್ ಮಾಡೋಣವೆಂದರೆ ತಂತಿ ಹಿಮಕ್ಕೆ ಕಡಿದುಬಿದ್ದಿತ್ತು. ಯಂತ್ರಗಳಿಗೆ ರೇಡಿಯೋ ಇತ್ತು. ಮನುಷ್ಯರಿಗೆ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಹೋಗಿ ಆರಿಸಬೇಕು. ಆರಿಸಿ ಎಬ್ಬಿಸಿದರೆ ಅದು ಮೂರರಲ್ಲಿ ಕಿರಿಯದಾಗಿ ಏಳುತ್ತದೆ. ತಲೆ ಖಾಲಿ. ಹೇಳಿದ್ದನ್ನು ಕೇಳುತ್ತದೆ.

ನಾನೇ ಹೊರಟದ್ದಕ್ಕೆ ಇನ್ನೊಂದು ಕಾರಣವಿತ್ತು. ನನ್ನ ತಮ್ಮ ಬಾಕಾಸ್. ಘಾಟಿಯ ಆಚೆಯ ಹಳ್ಳಿಗಳಿಗೆ ದಿನಾ ರೊಟ್ಟಿ ಒಯ್ಯುತ್ತಾನೆ. ನೀಲಿ ವ್ಯಾನು. ಅಂದು ನನಗಿಂತ ಮೊದಲೇ ಹೊರಟಿದ್ದ. ಫೋನು ಸಿಗುತ್ತಿರಲಿಲ್ಲ. ಗೇಟು ಬಿದ್ದಿದ್ದರೆ ನಿಲ್ಲುತ್ತಾನೆ. ಎದ್ದಿದ್ದರೆ ಹೋಗುತ್ತಾನೆ. ಅವನು ಅಷ್ಟು ಸರಳ.

ಜೀಪು ಎಡಕ್ಕೆ ಬಂದು ಸಮಕ್ಕೆ ಓಡಿತು. ಕಿಟಕಿ ಇಳಿಯಿತು. ಉಲುಕ್ಮಾನ್‌ನ ಕೆಂಪು ಮುಖ. ತಲೆಯ ಮೇಲೆ ಬಿಳಿ ಕಂಬಳಿ ಟೋಪಿ.

"ಬುರುಲ್, ಮನೆಗೆ ಹೋಗಮ್ಮಾ."

"ದಾರಿ ಬಿಡಿ ಅಣ್ಣ."

"ನನ್ನ ಲಾರಿ ಎಲ್ಲಾ ಅಲ್ಲೇ ನಿಂತಿವೆ. ಸೇಬು. ರಾತ್ರಿ ಅಲ್ಲೇ ಬಿದ್ರೆ ಕಲ್ಲಾಗತ್ತೆ."

"ಹಿಮ ಜಾರಿದ್ರೆ?"

"ಜಾರಿದಾಗ ನೋಡ್ಕೊಳೋಣ. ತೆರೆದಿದೆ ಅಂತ ನಿಮ್ಮ ಯಂತ್ರಾನೇ ಹೇಳ್ತಿದೆ. ಅದಕ್ಕೆ ಬುದ್ಧಿ ಹೇಳೋಕೆ ನೀನ್ಯಾರು?"

"ಅದಕ್ಕೆ ಬುದ್ಧಿ ಇಲ್ಲ. ಅದಕ್ಕೇ ಹೋಗ್ತಿರೋದು."

"ನಾನು ನಾಜೂಕಾಗಿ ಹೇಳ್ತಾ ಇದೀನಿ."

"ದೀಪಕ್ಕೂ ನಾಜೂಕಾಗೇ ಹೇಳಿದ್ರಾ?"

ಅವನು ನಕ್ಕ. ನಗುತ್ತಲೇ ಜೀಪನ್ನು ನನ್ನ ಮೇಲೆ ಒತ್ತಿದ. ಬಾಗಿಲಿನ ತಗಡು ಕಿರುಗುಟ್ಟಿತು. ಬಲಗಡೆ ಗಾಜಿನಲ್ಲಿ ರಸ್ತೆ ಕಾಣಲಿಲ್ಲ. ಬರೀ ಮಂಜು.

ಬ್ರೇಕ್ ಒತ್ತಿದೆ.

ಒತ್ತಲು ನಾನಿಲ್ಲದೆ ಜೀಪು ತಾನೇ ಬಲಕ್ಕೆ ಹೋಯಿತು. ಅಂಚಿನ ಕಲ್ಲುಕಂಬಕ್ಕೆ ಮೂಗು ಹೊಡೆದು ನಿಂತಿತು. ನಾನು ಎಡದಿಂದ ನುಸುಳಿ ಮುಂದೆ ಹೋದೆ. ಹಿಂದಿರುಗಿ ನೋಡಲಿಲ್ಲ. ಕನ್ನಡಿಯೂ ಉಳಿದಿರಲಿಲ್ಲ.

ಗೇಟಿನ ಹತ್ತಿರ ಮಂಜು ಇನ್ನೂ ದಟ್ಟ. ಲಾರಿಗಳ ಸಾಲು. ಅವುಗಳ ಬಾಲದ ದೀಪಗಳಷ್ಟೇ ಕಾಣುತ್ತಿದ್ದವು. ಪಕ್ಕದ ಕಾಲುದಾರಿಯಲ್ಲಿ ಕಾರು ಓಡಿಸಿ ಕಾವಲು ಮನೆಯ ಬಾಗಿಲಿಗೇ ನಿಲ್ಲಿಸಿದೆ.

ಒಳಗೆ ಒಲೆ ಉರಿಯುತ್ತಿತ್ತು. ಕಾವಲಿನ ರಿಸ್ಕೆಲ್ದಿ ಅಪ್ಪಾಜಿ ನಮ್ಮ ಕಡೆಯ ಉಪ್ಪಿನ ಚಹಾ ಸೋಸುತ್ತಿದ್ದರು. ಈ ರಸ್ತೆಯವರೆಲ್ಲ ಅವರನ್ನು ಹಾಗೇ ಕರೆಯುವುದು.

"ಬಾ ಮಗಳೇ. ಮೊದಲು ಚಾ ಕುಡಿ."

"ರೊಟ್ಟಿ ವ್ಯಾನ್ ಬಂತಾ ಅಪ್ಪಾಜಿ?"

"ಬಾಕಾಸಾ? ಬಂದಿದ್ದ. ಎರಡು ರೊಟ್ಟಿ ಕೊಟ್ಟ. ಮುಟ್ಟಿನೋಡು, ಇನ್ನೂ ಬೆಚ್ಚಗಿದೆ."

"ಹೋದ್ನಾ?"

"ಸಾಲಲ್ಲಿ ನಿಲ್ತೀನಿ ಅಂದ. ಗೇಟು ಎದ್ದಾಗ ಯಾವನೋ ಒಬ್ಬ ನುಗ್ತಾನೆ, ಮತ್ತೆ ಬೀಳತ್ತೆ. ಈ ಮಂಜಲ್ಲಿ ಯಾರು ಹೋದ್ರು, ಯಾರು ಉಳಿದ್ರು, ನನಗೇನು ಕಾಣತ್ತೆ?"

"ಕೈಯಲ್ಲಿ ಇಳಿಸಿ ಬೀಗ ಹಾಕಕ್ಕಾಗಲ್ವಾ?"

"ಬೀಗ, ಹಿಡಿ ಎಲ್ಲಾ ಕಚೇರಿಯವರು ಬಿಚ್ಕೊಂಡು ಹೋದ್ರು. ಇನ್ನು ಯಂತ್ರ ಇದೆಯಲ್ಲ, ನಿನಗೇನು ಕೆಲಸ ಅಂದ್ರು. ಚಾ ಕಾಸ್ತೀನಿ ಅಂದೆ."

ಯಂತ್ರ ಬಾಗಿಲಿಗೆ ನೇರ ಎದುರಿಗಿತ್ತು. ಮನೆಯ ಹಿರಿಯರು ಕೂರುವ ಜಾಗ. ಕೆಳಗೆ ಹೂವಿನ ಕಂಬಳಿ ಹಾಸಿದ್ದರು. ಅದರ ಬೆನ್ನಿನಿಂದ ಹೋದ ತಂತಿ ಗೋಡೆಯೊಳಗೆ ಮುಳುಗಿತ್ತು.

"ಇದನ್ನ ಆರಿಸ್ಬೇಕು."

"ಆಗಲ್ಲ ಮಗಳೇ. ಇದು ಎಲ್ಲಕ್ಕಿಂತ ಹಿರಿದು, ಮುಟ್ಟಬೇಡ ಅಂದಿದಾರೆ."

"ಇದಕ್ಕೆ ಮರೆವು ಅಪ್ಪಾಜಿ. ಇವತ್ತಿನದು ತಲೆಗೆ ಹೋಗ್ತಿಲ್ಲ. ನಿನ್ನೇದೇ ಹೇಳ್ತಾ ಕೂತಿದೆ."

ಅವರು ಯಂತ್ರವನ್ನೇ ನೋಡಿದರು.

"ನನ್ನ ಸೊಸೆ ನನ್ನ ಬಗ್ಗೆ ಹೀಗೇ ಅಂತಾಳೆ."

"ನೀವು ಮರೆತ್ರೆ ಚಾಗೆ ಉಪ್ಪು ಬೀಳಲ್ಲ. ಇದು ಮರೆತ್ರೆ ಜನ ಸಾಯ್ತಾರೆ."

ಹೊರಗೆ ಜೀಪು ನಿಂತ ಸದ್ದು. ಬಾಗಿಲಿಗೆ ಒದೆ ಬಿತ್ತು.

"ಮುದುಕಾ, ತೆಗಿ ಬಾಗಿಲು."

ಅಪ್ಪಾಜಿ ಚಹಾ ಪಾತ್ರೆಯನ್ನು ಮೆಲ್ಲನೆ ಕೆಳಗಿಟ್ಟರು. ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಮಾಡೋದನ್ನ ಬೇಗ ಮಾಡು."

ನನಗೆ ಯಾವುದನ್ನೂ ಒರಟಾಗಿ ಮಾಡಿ ಅಭ್ಯಾಸವಿಲ್ಲ. ಕೀಲಿಮಣೆಯ ಮುಂದೆ ಕೂತು ಸರಿಯಾದ ಕ್ರಮದಲ್ಲೇ ಆರಿಸಲು ನೋಡಿದೆ. ಅಕ್ಷರ ಒತ್ತಿದೆ. ಪರದೆಯಲ್ಲಿ ಮೂಡಲಿಲ್ಲ. ಮತ್ತೆ ಕಸ ಗುಡಿಸುತ್ತಿತ್ತು. ಕಾದೆ... ಬಾಗಿಲಿನ ಮೇಲಿನ ಕೀಲು ಕಿತ್ತು ಬಂತು. ಕಾದೆ... ಮುದುಕರ ಕಾಲು ನೆಲದ ಮೇಲೆ ಜಾರುತ್ತಿತ್ತು.

ಎದ್ದೆ. ಗೋಡೆಯ ಮೇಲಿದ್ದ ಇಡೀ ಮನೆಯ ಸ್ವಿಚ್ಚನ್ನು ಕೆಳಗೆಳೆದೆ.

ದೀಪ ಹೋಯಿತು. ಯಂತ್ರದ ಫ್ಯಾನು ನಿಂತಿತು. ಬಾಗಿಲು ಬಡಿಯುವುದೂ ನಿಂತಿತು.

ಹೊರಗೆ ಯಾವುದೋ ಗಾಡಿಯ ಇಂಜಿನ್ ಏರಿತು.

"ಮಗಳೇ," ಅಪ್ಪಾಜಿ ಕತ್ತಲಲ್ಲಿ ಮೆಲ್ಲಗೆ ಹೇಳಿದರು. "ಕರೆಂಟ್ ಹೋದ್ರೆ ಗೇಟು ಏಳತ್ತೆ."

"ಏನಂದ್ರಿ?"

"ಸ್ಪ್ರಿಂಗ್ ಇದೆ. ಕರೆಂಟ್ ಇಲ್ದಾಗ ಆಚೆ ಯಾರೂ ಸಿಕ್ಕೊಳ್ಬಾರ್ದು ಅಂತ."

ಸ್ವಿಚ್ಚನ್ನು ಮೇಲೆ ತಳ್ಳಿದೆ. ದೀಪ ಬಂತು. ಗೇಟು ಬಿದ್ದ ಸದ್ದು ಕೇಳಿಸಿತು. ಯಂತ್ರ ನಿಧಾನವಾಗಿ ಕಣ್ಣು ಬಿಟ್ಟಿತು. ತಾನು ಯಾರೆಂದು ಗೊತ್ತಿರಲಿಲ್ಲ. ನಗರದ ಎರಡನ್ನು ಕೇಳಿತು. ರಸ್ತೆ ಮುಚ್ಚಿದೆ ಎಂದವು. ಒಪ್ಪಿಕೊಂಡಿತು.

ಗೇಟು ಮತ್ತೆ ಏಳಲಿಲ್ಲ. ಕೆಲಸ ಆಗಿತ್ತು.

ಬಾಗಿಲು ತೆರೆದು ಹೊರಗೆ ಬಂದೆ. ಉಲುಕ್ಮಾನ್ ಮೆಟ್ಟಿಲ ಮೇಲೆ ನಿಂತಿದ್ದ. ನನ್ನ ಕಡೆ ತಿರುಗಲಿಲ್ಲ. ಗೇಟಿನ ಆಚೆ, ಏರುವ ರಸ್ತೆಯ ಕಡೆಗೆ ನೋಡುತ್ತಿದ್ದ. ಅವನ ಕೈಯಲ್ಲಿದ್ದ ಕಬ್ಬಿಣದ ಸಲಾಕೆ ಸುಮ್ಮನೆ ಜೋತುಬಿದ್ದಿತ್ತು.

ಅವನನ್ನು ದಾಟಿ ಲಾರಿ ಸಾಲಿನ ಉದ್ದಕ್ಕೂ ನಡೆದೆ. ಒಬ್ಬ ಚಾಲಕ ಕಿಟಕಿಯಿಂದ ಬೈದ. ಒಬ್ಬ ಸಿಗರೇಟು ಕೊಡುತ್ತೀಯಾ ಎಂದು ಕೇಳಿದ. ಕೊನೆಯ ಲಾರಿಯವರೆಗೂ ಹೋದೆ. ನೀಲಿ ವ್ಯಾನು ಇರಲಿಲ್ಲ. ಮತ್ತೆ ಕೊನೆಯಿಂದ ಮೊದಲಿನವರೆಗೆ ನೋಡುತ್ತ ಬಂದೆ.

ಇರಲಿಲ್ಲ.

ಆಗ ಮೇಲಿನಿಂದ ಸದ್ದು ಬಂತು. ಅಷ್ಟು ದೊಡ್ಡದೇನಲ್ಲ. ಯಾರೋ ದೂರದಲ್ಲಿ ಭಾರವಾದ ಬಾಗಿಲನ್ನು ನಿಧಾನವಾಗಿ ಎಳೆದುಕೊಂಡ ಹಾಗೆ. ಆಮೇಲೆ ಗಾಳಿ. ಆಮೇಲೆ ಮುಖಕ್ಕೆ ಸಣ್ಣ ಹಿಮಪುಡಿ.

ಸಾಲಿನಲ್ಲಿ ಇಂಜಿನ್‌ಗಳು ಒಂದೊಂದಾಗಿ ಆರಿದವು.

ಗುದ್ದಲಿ ಹಿಡಿದು ಗಂಡಸರು ಹೋದರು. ನಾನೂ ಹೊರಟೆ. ಹಿಮ ಇನ್ನೊಮ್ಮೆ ಜಾರಿದರೆ ಎಂದು ಹಿಡಿದು ವಾಪಸು ತಂದರು. ಮಾಡಲು ಬೇರೆ ಏನೂ ಇರಲಿಲ್ಲ. ಹೂವಿನ ಕಂಬಳಿಯ ಮೇಲೆ ಕೂತು ಯಂತ್ರವನ್ನು ಸರಿಮಾಡಿದೆ. ಕ್ಯಾಮೆರಾದ ಚಿತ್ರಗಳನ್ನು ಹೊರಹಾಕಿದೆ. ಮೆಮೊರಿ ಎಷ್ಟು ತುಂಬಬಹುದೆಂದು ಮಿತಿ ಹಾಕಿದೆ. ಪ್ರತಿ ಸುದ್ದಿಗೂ ಆಯಸ್ಸು ಕೊಟ್ಟೆ, ಹಳಸಿದ್ದು ತಾನೇ ಬಿದ್ದುಹೋಗಲಿ ಎಂದು. ಹಿರಿಯರ ಮಾತೇ ಕೊನೆ ಎಂಬ ನಿಯಮ ಅಳಿಸಿದೆ. ಕೊನೆಗೆ ಬರೆದದ್ದೇ ಗೆಲ್ಲಲಿ ಎಂದು ಬರೆದೆ. ಎರಡು ಸಲ ಪರೀಕ್ಷಿಸಿದೆ. ಉತ್ತರ ಚಕಚಕನೆ ಬರುತ್ತಿತ್ತು. ನಾನು ಮಾಡಿದ ಕೆಲಸಗಳಲ್ಲಿ ಅದು ಒಳ್ಳೆಯದೇ.

ಅಪ್ಪಾಜಿ ಪಕ್ಕದಲ್ಲಿ ರೊಟ್ಟಿ ಇಟ್ಟು ಹೋದರು. ತಿಂದೆ. ರುಚಿ ಗೊತ್ತಾಗಲಿಲ್ಲ.

ಅಗೆದಾಗ ಸಿಕ್ಕಿದ್ದು ಒಂದೇ ಗಾಡಿ. ನೀಲಿ ವ್ಯಾನು. ಬಾಕಾಸ್ ಸ್ಟಿಯರಿಂಗ್ ಹಿಡಿದೇ ಇದ್ದ.

ವಿಚಾರಣೆಯವರು ಬಂದರು. ಗೇಟು ಯಾವಾಗ ಯಾವಾಗ ಎದ್ದಿತು ಎಂದು ಕೇಳಿದರು. ಯಂತ್ರವನ್ನೇ ಕೇಳಿ ಎಂದೆ. ಅದರ ನೆನಪು ಖಾಲಿ. ಖಾಲಿ ಮಾಡಿದ್ದು ನಾನೇ. ಶಾರ್ಬೆಕ್ ಅಳುತ್ತಿದ್ದ. ನಿರ್ದೇಶಕರು ನನ್ನ ಕೈ ಕುಲುಕಿ, ನೀವು ಲಾರಿಯವರನ್ನೆಲ್ಲ ಉಳಿಸಿದಿರಿ ಎಂದರು. ಹೌದು ಎಂದೆ.

ತಮ್ಮ ಸತ್ತ ನಲವತ್ತನೆಯ ದಿನದ ಊಟಕ್ಕೆ ಉಲುಕ್ಮಾನ್ ಮನೆಗೆ ಬಂದ. ಬರಿಗೈಯಲ್ಲಿ ಬರಲಿಲ್ಲ, ಕುರಿ ತಂದಿದ್ದ. ಬಾಗಿಲಲ್ಲಿ ನಿಂತು ಗಂಡಸರು ಅಳುವ ಹಾಗೆ ದೊಡ್ಡ ದನಿಯಲ್ಲಿ ಅತ್ತ. ಒಳಗೆ ಬಂದು ಕೂತ. ತಿಂದ. ಜನ ಕರಗುವವರೆಗೂ ಏಳಲಿಲ್ಲ. ನಾನು ಚಹಾ ಕೊಡುತ್ತಿದ್ದೆ.

"ಬುರುಲ್," ಎಂದ. "ಆ ದಿನ ನಾನು ಗೇಟಿನ ಕಡೆಗೇ ನೋಡ್ತಾ ಇದ್ದೆ."

"ಗೊತ್ತು."

"ಅವನು ಯಾವಾಗ ದಾಟಿದ ಅಂತ ನಾನು ಕಣ್ಣಾರೆ ಕಂಡಿದೀನಿ. ಕರೆಂಟ್ ಹೋಗೋಕೆ ಮುಂಚೆನೋ, ಹೋದಾಗಲೋ ಅಂತ. ನೀನು ಕೇಳೋದೇ ಇಲ್ಲವಲ್ಲ."

ನಮ್ಮಲ್ಲಿ, ಇನ್ನಷ್ಟು ಹೊತ್ತು ಕೂತಿರಲಿ ಎನಿಸುವ ಅತಿಥಿಗೆ ಬಟ್ಟಲು ಅರ್ಧವೇ ತುಂಬಿಸುತ್ತೇವೆ, ಮತ್ತೆ ಮತ್ತೆ. ಹೊರಡಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಕೊಡುತ್ತೇವೆ.

ತುಂಬಿಸಿ ಕೊಟ್ಟೆ. ಒಂದು ಹನಿ ಚೆಲ್ಲಲಿಲ್ಲ.

ಅವನು ಬಟ್ಟಲನ್ನು ನೋಡಿದ. ನನ್ನನ್ನು ನೋಡಿದ. ಟೋಪಿ ತೊಟ್ಟುಕೊಂಡು ಎದ್ದುಹೋದ.

ನನ್ನ ತಮ್ಮನಿಗೆ ಗೇಟು ತೆರೆದದ್ದು ಯಂತ್ರವೋ ನಾನೋ... ನನಗೆ ಗೊತ್ತಿಲ್ಲ.

ಗೊತ್ತಿರುವವನ ನಂಬರು ನನ್ನ ಫೋನಿನಲ್ಲಿದೆ. ಇನ್ನೂ ಕರೆ ಮಾಡಿಲ್ಲ.