ತೇಲಿದ ಭರಣಿ

ಬದರೀನಾರಾಯಣರ ಹಳೆಯ ಮಾರಿಸ್ ಮೈನರ್ ಕಾರಿಗೆ ಫ್ಲೋಟ್ ಇರಲಿಲ್ಲ. ಎಂಜಿನ್ನಿಗೆ ಇಂಧನ ಉಣಿಸುವ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮೇಲೆ ತೇಲುತ್ತ, ಸಾಕಷ್ಟು ತುಂಬಿದಾಗ ಹರಿವನ್ನು ತಡೆಯುವ ಟೊಳ್ಳು ಹಿತ್ತಾಳೆ ಡಬ್ಬಿ ಅದು. ಇದ್ದದ್ದು ತೂತಾಗಿ ಹೋಗಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವನು ನಕ್ಕ.

"ಸಾರ್, ಇದು ನಮ್ ತಾತನ ಹತ್ರಾನೂ ಇರ್ಲಿಲ್ಲ. ಗಾಡೀಲಿ ಹೂಕುಂಡ ಇಟ್ಬಿಡಿ, ಚೆನ್ನಾಗಿರುತ್ತೆ."

ಆದರೆ ಕಾರು ಓಡಲೇಬೇಕಿತ್ತು. ತನ್ನ ತಂಗಿ ಆರಾಧನಾಳನ್ನು ಮದುವೆಯ ಛತ್ರಕ್ಕೆ ಇದರಲ್ಲೇ ಕರೆದೊಯ್ಯುತ್ತೇನೆಂದು ಮಗ ಸಮರ್ಥ ಮಾತು ಕೊಟ್ಟಿದ್ದ. ಅವನು ಸತ್ತು ಹದಿನಾಲ್ಕು ತಿಂಗಳಾಗಿತ್ತು. ಮದುವೆ ಭಾನುವಾರ.

ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿದ್ದ ಬದರೀನಾರಾಯಣ ಮೇಷ್ಟ್ರು ಫ್ಲೋಟನ್ನು ತಾವೇ ಮಾಡಲು ಕೂತರು. ಹೆಂಡತಿ ಚೂಡಾಮಣಿ ನಿಂಬೆಹಣ್ಣಿನ ಗಾತ್ರದ, ತೆಳು ಹಿತ್ತಾಳೆಯ ಕುಂಕುಮದ ಭರಣಿಯೊಂದನ್ನು ತಂದುಕೊಟ್ಟರು.

"ಯಾರದ್ದೇ ಇದು?"

"ನಂದೇ ರೀ, ಹಳೇದು. ನನಗೆ ಬೆಳ್ಳೀದಿದೆಯಲ್ಲ."

ಫ್ಲೋಟ್ ಏರಿಳಿಯುವ ಕಡ್ಡಿಗೆಂದು ಮೇಷ್ಟ್ರು ಅದರ ನಡುವೆ ಕೊರೆದು ಸಣ್ಣ ಕೊಳವೆ ತೂರಿಸಿದರು, ಕೊಳವೆಗೂ ಮುಚ್ಚಳಕ್ಕೂ ಬೆಸುಗೆ ಹಾಕಿದರು. ಲೋಟದ ನೀರಿನಲ್ಲಿ ಭರಣಿ ತೇಲಿತು.

ಶುಕ್ರವಾರ ಬೆಳಿಗ್ಗೆ ಸೊಸೆ ಸುಪ್ರಜಾ ದೇವರಮನೆಯ ಗೂಡಿನಲ್ಲಿ ತಡಕಾಡಿದಳು. ತೀರಿಕೊಂಡ ಅಮ್ಮ ಕೊಟ್ಟಿದ್ದ ಭರಣಿ ಅಲ್ಲಿರಲಿಲ್ಲ. ಗಂಡ ಹೋದ ಮೇಲೂ ಅವಳು ದಿನವೂ ಅದರಿಂದಲೇ ಕುಂಕುಮ ಇಡುತ್ತಿದ್ದಳು. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಅತ್ತೆ, ನನ್ನ ಭರಣಿ ನೋಡಿದ್ರಾ?"

"ಇನ್ಯಾಕಮ್ಮ ನಿನಗೆ ಅದು? ಹೊರಡು, ಹೂವಿನ ಬುಟ್ಟಿ ಹಿಡ್ಕೊಳ್ಳೋಕೆ ಜನ ಬೇಕು."

ಮಾವ, ಅತ್ತೆ, ಸೊಸೆ ಮೂವರೂ ಮದುವೆಯ ಹೂವಿಗೆ ಹೊರಟರು. ಕಾರು ಗಾಂಧಿ ಬಜಾರಿನವರೆಗೆ ಚೆನ್ನಾಗಿಯೇ ಓಡಿ, ಹೂವಿನಂಗಡಿಯ ಮುಂದೆ ಕೆಮ್ಮಿ ನಿಂತಿತು. ಮೇಷ್ಟ್ರು ಬಾನೆಟ್ ಎತ್ತಿ ಕಾರ್ಬ್ಯುರೇಟರ್ ಬಿಚ್ಚಿದರು. ಪೆಟ್ರೋಲ್ ಹೋಗುವ ಸಣ್ಣ ರಂಧ್ರದಲ್ಲಿ ಕೆಂಪು ಕೆಸರು ಕಟ್ಟಿಕೊಂಡಿತ್ತು. ಬೆಸುಗೆ ಹಾಕುವ ಜಾಗವನ್ನಷ್ಟೇ ಅವರು ಉಜ್ಜಿದ್ದರು. ಭರಣಿಯ ಕೆತ್ತನೆಯಲ್ಲಿ ವರ್ಷಗಳಿಂದ ಕೂತಿದ್ದ ಕುಂಕುಮ ಪೆಟ್ರೋಲಿಗೆ ಬಿಟ್ಟುಕೊಂಡಿತ್ತು. ಭರಣಿಯನ್ನು ಹೊರತೆಗೆದರು. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಸುಪ್ರಜಾಗೆ ಅದರ ಮೇಲಿನ ಜೋಡಿ ಗಿಳಿ ಕಾಣಿಸಿತು.

"ಮಾವ... ಇದು ನಮ್ಮಮ್ಮ ಕೊಟ್ಟಿದ್ದು."

ಮೇಷ್ಟ್ರು ಹೆಂಡತಿಯತ್ತ ತಿರುಗಿದರು. "ನಿಂದು ಅಂದ್ಯಲ್ಲೇ!"

"ಗಂಡ ಇಲ್ಲದೋಳಿಗೆ ಯಾಕ್ರೀ ಅದು? ಮದುವೆ ಮನೇಲಿ ಜನ ಏನಂತಾರೆ? ನನ್ನ ಮಗ ಬೂದಿಯಾಗಿ ಹೋದ... ಇವಳ ಹಣೆ ಮಾತ್ರ ದಿನಾ ಕೆಂಪಗೆ...! ಹೇಗ್ರೀ ನೋಡ್ಲಿ ನಾನು?" ಚೂಡಾಮಣಿ ಸೆರಗು ಬಾಯಿಗೆ ತುರುಕಿಕೊಂಡರು.

"ಅಮ್ಮಾ, ಅಳೋದಾದ್ರೆ ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಗಿರಾಕಿ ಬರೋ ಹೊತ್ತು" ಎಂದಳು ಹೂವಿನವಳು.

ಮೇಷ್ಟ್ರು ಭರಣಿಯನ್ನು ಸೊಸೆಯತ್ತ ಚಾಚಿದರು. "ಬೆಸುಗೆ ಬಿಡಿಸಿ ಕೊಡ್ತೀನಮ್ಮ. ತೂತು ಮುಚ್ಚೋಕಾಗಲ್ಲ... ಆದ್ರೂ ಕೊಡ್ತೀನಿ. ಈ ಕಾರೇ ಬೇಡ."

"ಬೇಡ ಮಾವ, ಅಲ್ಲೇ ಇರ್ಲಿ. ಅವರು ಆರಾಧನಾಗೆ ಮಾತು ಕೊಟ್ಟಿದ್ರು." ಸುಪ್ರಜಾ ಅವರ ಬೆರಳಿಗಂಟಿದ್ದ ಕೆಂಪನ್ನು ತನ್ನ ಬೆರಳಿಗೆ ಒತ್ತಿ ಹಣೆಗಿಟ್ಟುಕೊಂಡಳು. ಪೆಟ್ರೋಲ್ ವಾಸನೆ ಹೊಡೆಯಿತು. "ಭಾನುವಾರ ನಾನು ಮುಂದಿನ ಸೀಟಲ್ಲಿ ಕೂತ್ಕೋತೀನಿ. ಅತ್ತೆಗೆ ಹೇಳಿಬಿಡಿ."

ಅತ್ತೆ ಎರಡಡಿ ದೂರದಲ್ಲೇ ನಿಂತಿದ್ದರು.

ಮೇಷ್ಟ್ರು ಭರಣಿಯನ್ನು ಉಜ್ಜಿ ತೊಳೆದು ಮತ್ತೆ ಕೂರಿಸಿದ ಮೇಲೆ, ಭಾನುವಾರ ಕಾರು ಎಲ್ಲೂ ನಿಲ್ಲದೆ ಛತ್ರ ಮುಟ್ಟಿತು. ಸುಪ್ರಜಾ ಮುಂದೆ, ಮದುಮಗಳು ಹಿಂದೆ. ಚೂಡಾಮಣಿ ಆಟೋದಲ್ಲಿ ಬಂದರು. ಆಮೇಲೆ ಅವರು ಸೊಸೆಯೊಂದಿಗೆ ಮಾತಾಡಲಿಲ್ಲ.

ಆ ಮನೆಯಿಂದ ಹೋದದ್ದು ಇಷ್ಟು: ಒಂದು ಹಿತ್ತಾಳೆ ಭರಣಿ, ಅತ್ತೆ-ಸೊಸೆಯ ಮಾತು, ಅದಕ್ಕೂ ಮೊದಲು ಒಬ್ಬ ಮಗ.